ಗಾದಿ ಹೊಲಿಯುತ್ತಿದ್ದ ತೋಪಿನ ಹವಾಲ್ದಾರರು

ಹವಾಲ್ದಾರ ಚಾಚಾ ಯಾರ ಮನೆಗೆ ಕಾಲಿಟ್ಟರೂ ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. ಮನೆಯವರ ಮುಖ ಆಮೇಲೆ. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಕುಟ್ಟಿ, ತಲೆ ವಾಲಿಸಿ ಕೇಳಿ, "ಮಣ್ಣು ಛಲೋ ಐತ್ರಿ. ಮೊಳದ ಮ್ಯಾಲೆ ದಪ್ಪ ಐತಿ. ಬಂದೂಕಿಗೆ ಸಾಕು, ತೋಪಿಗೆ ಸಾಲಂಗಿಲ್ಲ" ಎಂದು ತೀರ್ಪು ಕೊಟ್ಟ ಮೇಲೆಯೇ ಚಾಪೆಯ ಮೇಲೆ ಕೂರುವುದು. ನಮ್ಮ ಅತ್ತೆಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. "ಹೆಣ್ಣು ನೋಡಾಕ ಬಂದವರು ಗ್ವಾಡಿ ನೋಡಿ ಹೋದಂಗ ಆತು ನಿಮ್ಮ ಬಾಳೇವು" ಎಂದು ಅವರ ಮುಖಕ್ಕೇ ಅನ್ನುತ್ತಿದ್ದಳು. ಅವರು ನಗುತ್ತಿದ್ದರು. ನಕ್ಕು ಮತ್ತೊಮ್ಮೆ ಕುಟ್ಟುತ್ತಿದ್ದರು.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಸತ್ತವರನ್ನೆಲ್ಲ ದೇವರನ್ನಾಗಿ ಮಾಡುವ ಚಾಳಿ ನನಗಿಲ್ಲ. ಚಾಚಾಗೆ ಮೂಗಿನ ತುದಿಯಲ್ಲಿ ಸಿಟ್ಟು. ತಮಗೆ ತಿಳಿದದ್ದನ್ನು ಕೇಳದವರಿಗೂ ಹೇಳುವ ಚಟ ಬೇರೆ. ಗಾದಿಯ ಅಳತೆ ಕೊಡಲು ಹೋದವರು ಮರುಭೂಮಿಯ ಯುದ್ಧವನ್ನು ಪೂರ್ತಿ ಕೇಳಿ, ಅಳತೆ ಕೊಡುವುದನ್ನು ಮರೆತು ಮನೆಗೆ ಬರುತ್ತಿದ್ದರು. ಆದರೂ ನನ್ನ ಮಗಳು ಇವತ್ತು ಬದುಕಿದ್ದರೆ ಆ ಜಂಬದ ಮನುಷ್ಯನಿಂದ.

ಕುಷ್ಟಗಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರದು ತಲೆತಲಾಂತರದಿಂದ ಅರಳೆ ಹಿಂಜಿ ಗಾದಿ ಹೊಲಿಯುವ ಮನೆತನ. ದೊಡ್ಡ ಯುದ್ಧ ಶುರುವಾದಾಗ ಅರಳೆ ಹಿಂಜುವ ಬಿಲ್ಲು ಗೂಟಕ್ಕೆ ಸಿಕ್ಕಿಸಿ ಫೌಜಿಗೆ ಹೋದರು. ಸಮುದ್ರ ದಾಟಿಸಿ ಮರಳುಗಾಡಿಗೆ ಒಯ್ದು, ಟ್ಯಾಂಕುಗಳಿಗೆ ತೂತು ಹಾಕುವ ತೋಪಿನ ಮುಂದೆ ಕೂರಿಸಿದರಂತೆ. ಯುದ್ಧ ಮುಗಿದು ಬಂದವರು ಮತ್ತೆ ಅದೇ ಬಿಲ್ಲು ಹಿಡಿದರು. ಹೆಸರು ಮಾತ್ರ ಹೋಗಿ ಹವಾಲ್ದಾರರು ಎಂದೇ ಉಳಿಯಿತು. ಅವರ ಸ್ವಂತ ಹೆಸರು ಅಂಚೆಯವನಿಗೂ ಮರೆತಿತ್ತು.

ತೋಪಿನ ಕತೆ ಹೇಳುವಾಗ ಅವರು ನಮ್ಮ ಅಡುಗೆಮನೆಯ ಸಾಮಾನೆಲ್ಲ ಎಳೆದುಕೊಳ್ಳುತ್ತಿದ್ದರು. "ಮೊದಲ ನಮಗ ಕೊಟ್ಟಿದ್ದು ಸೇರಿನ ತೋಪು. ಗುಂಡು ಸೇರಿನಷ್ಟ ತೂಕ. ಅವರ ಟ್ಯಾಂಕಿಗೆ ಹೊಡದ್ರ ಪುಟಾಣಿ ಗ್ವಾಡಿಗೆ ಒಗದಂಗ, ಟಣ್ ಅಂತ ಸಿಡದು ಬೀಳತಿತ್ತು. ಆ ಕಬ್ಬಿಣದ ಮ್ಯಾಲಿನ ಚರ್ಮ ಅಷ್ಟು ಗಟ್ಟಿ, ಗುಂಡಿನ ಮೂತೀನ ಪುಡಿ ಆಗತಿತ್ತು. ಆಮ್ಯಾಲೆ ದೊಡ್ಡ ತೋಪು ಬಂತು. ಗುಂಡಿನ ಮೂತಿಗೆ ಮೆತ್ತನ ಕಬ್ಬಿಣದ್ದು ಒಂದು ಟೊಪ್ಪಿಗಿ ಹಾಕಿದ್ರು. ಬಸ್, ಹೊಕ್ಕೊಂಡ ಹೋತು!"

"ಮೆತ್ತಂದು ಹಾಕಿದ್ರ ಹೆಂಗ ಹೊಕ್ಕೊಂತದರಿ?" ಎಂದು ನಾನು ಕೇಳಿದರೆ ಅವರಿಗೆ ಹಬ್ಬ.

"ಅದ ಮಜಾ, ಬೇಟಿ. ಟೊಪ್ಪಿಗಿ ಪೆಟ್ಟು ತಿಂತದ, ಮೂತಿ ಉಳೀತದ. ಅವರು ಸುಮ್ನ ಕುಂದ್ರತಾರೇನು? ಟ್ಯಾಂಕಿನ ಮೈಮ್ಯಾಲೆ ಉಸುಕಿನ ಚೀಲ ಕಟ್ಟಿದ್ರು, ಹಳೇ ಚೈನು ತೂಗಹಾಕಿದ್ರು, ತಗಡು ದಪ್ಪ ಮಾಡಿದ್ರು. ದಪ್ಪ ಮಾಡಿದಷ್ಟೂ ಟ್ಯಾಂಕು ಆನಿ ಬಸರಾದಂಗ, ಓಡವಲ್ದು. ಗೋಡಿ ಕಟ್ಟಾಂವ ಒಂದು ವರ್ಷ ಕಟ್ತಾನ, ತೂತು ಹಾಕಾಂವ ಒಂದು ದಿನದಾಗ ಹಾಕ್ತಾನ."

ಇಷ್ಟು ಹೇಳಿ ಹುರುಪಿನಲ್ಲಿ ಇರುವಾಗಲೇ ಒಮ್ಮೊಮ್ಮೆ ಮಾತು ಕಡಿದುಹೋಗುತ್ತಿತ್ತು. ತಾವು ಹೊಡೆದ ಟ್ಯಾಂಕಿನ ಹತ್ತಿರ ಒಮ್ಮೆ ಹೋಗಿ ನೋಡಿದರಂತೆ. ಗುಂಡು ಒಳಗೆ ಹೋಗಿರಲೇ ಇಲ್ಲ, ಹೊರಗೆ ಬರೀ ಒಂದು ಗುಳಿ. ಆದರೆ ಆ ಪೆಟ್ಟಿಗೆ ತಗಡಿನ ಒಳಮೈ ಚೂರುಚೂರಾಗಿ ಎದ್ದು ಒಳಗಿದ್ದವರನ್ನೆಲ್ಲ ಕೊಂದಿತ್ತು. "ಕಾಯಬೇಕಾದ ಕಬ್ಬಿಣಾನ ತಿಂದುಬಿಟ್ಟಿತ್ತು" ಎನ್ನುತ್ತಿದ್ದರು. ಆ ಮೇಲೆ ಅವತ್ತೆಲ್ಲ ಬಿಲ್ಲಿನ ಸದ್ದು ಕೇಳುತ್ತಿರಲಿಲ್ಲ.

ಚಾಚಿ ಇವರ ತದ್ವಿರುದ್ಧ. ಸಣ್ಣ ಮೈ, ಮಾತು ಕಡಿಮೆ, ಆಡಿದರೆ ಮುಟ್ಟಿ ನೋಡಿಕೊಳ್ಳಬೇಕು. ಮಕ್ಕಳಿರಲಿಲ್ಲ. ಓಣಿಯ ಹೆಂಗಸರ ಗುಟ್ಟೆಲ್ಲ ಅವಳ ಹೊಟ್ಟೆಯಲ್ಲಿ. ಯಾವ ಸೊಸೆ ಅತ್ತೆಗೆ ತಿಳಿಯದಂತೆ ತವರಿಗೆ ಬೆಲ್ಲ ಕಳಿಸಿದಳು, ಯಾವ ಅತ್ತೆ ಸೊಸೆಗೆ ತಿಳಿಯದಂತೆ ಬೆಣ್ಣೆ ತಿಂದಳು, ಎಲ್ಲ ಅವಳಿಗೆ ಗೊತ್ತು. ಒಂದೂ ಹೊರಗೆ ಬೀಳುತ್ತಿರಲಿಲ್ಲ. "ನನ್ನ ಹೇಣ್ತಿ ಬಾಯಿಗೆ ಯಾವ ತೋಪೂ ತೂತು ಹಾಕಲಿಕ್ಕೆ ಆಗೂದಿಲ್ಲ" ಎಂದು ಚಾಚಾ ಹೊಗಳುತ್ತಿದ್ದರೋ ತೆಗಳುತ್ತಿದ್ದರೋ ನನಗೆ ತಿಳಿದಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ದೇಶಕ್ಕೆ ಬಂದಿತ್ತು, ನಮಗೆ ಬಂದಿರಲಿಲ್ಲ. ನಾವಿನ್ನೂ ನಿಜಾಮರ ಸೀಮೆಯವರು. ಆ ಬೇಸಿಗೆಯಿಂದ ನಿಜಾಮರ ಪರ ಬಂದೂಕು ಹಿಡಿದ ದಂಡೊಂದು ಊರೂರು ತಿರುಗುತ್ತಿತ್ತು. ಯಲಬುರ್ಗಿ ಕಡೆಯಿಂದ ಸುಟ್ಟ ಮನೆಗಳ ಸುದ್ದಿ, ಗಂಗಾವತಿ ಕಡೆಯಿಂದ ಹೊಳೆ ದಾಟುವಾಗ ಹೋದವರ ಸುದ್ದಿ. ಗಂಡಸರು ಬಹಳ ಜನ ಗಡಿಯಾಚೆ ಗಜೇಂದ್ರಗಡದ ಶಿಬಿರ ಸೇರಿದ್ದರು. ನನ್ನ ಯಜಮಾನರೂ ಅಲ್ಲೇ. ಊರಲ್ಲಿ ಉಳಿದವರು ಹೆಂಗಸರು, ಮುದುಕರು, ಕೂಸುಗಳು. ನನ್ನ ಮಗಳು ಆಗಿನ್ನೂ ಮೊಲೆ ಬಿಟ್ಟಿರಲಿಲ್ಲ.

ದಂಡಿನವರು ಚಾಚಾನ ಅಂಗಡಿಗೂ ಬಂದರು. ಫೌಜಿನಲ್ಲಿ ಕಲಿತವರು, ನಮ್ಮ ಹುಡುಗರಿಗೆ ಗುರಿ ಹಿಡಿಯುವುದನ್ನು ಕಲಿಸಿ ಎಂದರು. ನಮ್ಮವರಾಗಿ ಇಷ್ಟೂ ಮಾಡುವುದಿಲ್ಲವೇ ಎಂದರು. ಚಾಚಾ ಸೂಜಿಗೆ ದಾರ ಪೋಣಿಸುತ್ತ, "ಕಣ್ಣು ಹೋಗ್ಯಾವ್ರಿ, ಸೂಜಿ ತೂತ ಕಾಣವಲ್ದು, ಗುರಿ ಎಲ್ಲಿಂದ ಕಾಣಬೇಕು?" ಎಂದರು. ದಂಡಿನವರು ಅರಳೆ ಹಿಂಜುವ ಬಿಲ್ಲನ್ನು ಮೊಣಕಾಲಿಗೆ ಹಚ್ಚಿ ಮುರಿದು, ಶುಕ್ರವಾರದ ನಮಾಜಿನ ಹೊತ್ತಿಗೆ ಉತ್ತರ ಬೇಕು ಎಂದು ಹೋದರು. ಇಲ್ಲವಾದರೆ ಓಣಿಯನ್ನೇ ಸುಡುತ್ತೇವೆ ಎಂದೂ ಹೇಳಿಹೋದರು.

ಆ ಸಂಜೆ ನಮ್ಮ ಪಡಸಾಲೆಯಲ್ಲಿ ಎಲ್ಲ ಸೇರಿದರು. ಹತ್ತಿ ಗಿರಣಿಯ ಡ್ರೈವರ್ ಒಬ್ಬ ನಮ್ಮವನೇ ಇದ್ದ. ಗಿರಣಿ ಮುಚ್ಚಿ ಲಾರಿ ಶೆಡ್ಡಿನಲ್ಲಿತ್ತು. ಪೆಟ್ರೋಲು ಸಿಗದ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುವಂತೆ ಒಲೆ ಕಟ್ಟಿದ್ದ ಹಳೇ ಲಾರಿ ಅದು. ಗಡಿಯತನಕ ಮುಟ್ಟಿಸುತ್ತೇನೆ, ಆದರೆ ದಾರಿಯ ಗುಡ್ಡದಲ್ಲಿ ಕೂತು ಹೊಡೆಯುತ್ತಾರೆ, ಹಿಂದಿನ ವಾರ ಹೋದ ಗಾಡಿಯವರು ಮುಟ್ಟಲಿಲ್ಲ ಎಂದ ಅವನು. ಎಲ್ಲರೂ ಚಾಚಾನ ಕಡೆ ತಿರುಗಿದರು. ಲಾರಿಗೆ ತಗಡು ಹೊಡೆಯಿರಿ, ಟ್ಯಾಂಕು ಮಾಡಿಕೊಡಿ ಎಂದು ಕೈ ಮುಗಿದರು.

ಚಾಚಾ ಎದ್ದುಬಿಟ್ಟರು. "ನಾ ತೂತು ಹಾಕಿದಾಂವ್ರಿ! ಮುಚ್ಚೂದು ನನಗ ಗೊತ್ತಿಲ್ಲ. ಯಾವ ಕಬ್ಬಿಣಾನೂ ತಡಿಯೂದಿಲ್ಲ, ನಾ ನೋಡೀನಿ. ಇಷ್ಟು ಮಂದಿ ಜೀವ ನನ್ನ ತಲಿಗೆ ಕಟ್ಟಬ್ಯಾಡ್ರಿ" ಎಂದು ಕೂಗಾಡಿದರು.

ಚಾಚಿ ಬಾಗಿಲ ಮರೆಯಿಂದ ಅಂದಳು: "ಜಲ್ಮಾ ಪೂರಾ ಗಾದಿ ಹೊಲದೀರಿ. ಮುಚ್ಚೂದು ಗೊತ್ತಿಲ್ಲಂದ್ರ ಹೆಂಗ?"

ಮರುದಿನ ಬೆಳಿಗ್ಗೆಯೇ ಶೆಡ್ಡಿನಲ್ಲಿ ಕೆಲಸ ಹಿಡಿದರು. ಗಿರಣಿಯ ಹಳೇ ಬಾಯ್ಲರಿನ ತಗಡು ಕಿತ್ತು ತಂದು, ಗೌಡರ ಮನೆಯ ಬೇಟೆ ರೈಫಲ್ಲು ಇಸಿದುಕೊಂಡು, ಕಲ್ಲುಕ್ವಾರಿಗೆ ಒಯ್ದು ಹೊಡೆದು ನೋಡಿದರು. ಗುಂಡು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ರೊಟ್ಟಿ ಕೊಡಲು ಹೋದ ನಾನು ನೋಡಿದ್ದು, ಚಾಚಾ ತೂತಿನಲ್ಲಿ ಹೆಬ್ಬೆರಳು ಇಟ್ಟು ನೆಲಕ್ಕೆ ಕುಕ್ಕರಿಸಿದ್ದರು. "ಯಾ ಅಲ್ಲಾ, ಕೂಸುಗಳನ್ನ ಇದರಾಗ ಕುಂದ್ರಿಸಲೇನು?" ಎಂದು ಅತ್ತರು. ಅಷ್ಟು ದೊಡ್ಡ ಮೀಸೆಯ ಗಂಡಸು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಹೆದರಿಕೆಯಿಂದ ಹಾಲು ಬತ್ತಿದಂತಾಯಿತು.

ಆಮೇಲೆ ಹೊಳೆದದ್ದು ಅವರ ಕುಲಕಸುಬೇ. ಎರಡು ತಗಡು, ನಡುವೆ ಗೇಣಿನಷ್ಟು ಜಾಗ, ಅದರ ತುಂಬ ನೆನೆಸಿ ಜಡಿದ ಅರಳೆ. "ಮೊದಲನೇ ತಗಡ ಗುಂಡನ್ನ ತಡೀಬೇಕಂತಿಲ್ಲ, ಅದರ ದಿಕ್ಕು ತಪ್ಪಸಬೇಕು. ಅಡ್ಡಾದಿಡ್ಡಿ ತಿರುಗಿದ ಗುಂಡು ಹಸೀ ಅರಳ್ಯಾಗ ಕಾಲು ಸಿಕ್ಕೊಂಡ ಎಮ್ಮಿ ಆಗ್ತದ" ಎಂದರು. ಒಳಗಡೆ ಮತ್ತೆ ಗಾದಿ, ತಗಡಿನ ಚೂರು ಎದ್ದರೆ ಅದು ಹಿಡಿಯಲಿ ಎಂದು. ಹೊಡೆದು ನೋಡಿದರು. ಗುಂಡು ಒಳಗೇ ಉಳಿಯಿತು. ಓಣಿಯವರೆಲ್ಲ ತಮ್ಮ ಮನೆಯ ಗಾದಿ ಹೊತ್ತುಕೊಂಡು ಶೆಡ್ಡಿಗೆ ಓಡಿದರು. ನನ್ನ ಮದುವೆಯ ಗಾದಿಯನ್ನು ಅತ್ತೆಯೇ ಕೊಟ್ಟಳು.

ಆ ತಗಡು-ಅರಳೆಯ ಗೋಡೆಗಳನ್ನು ಅವರು ಲಾರಿಯ ಎರಡೂ ಮಗ್ಗುಲಿಗೆ ಮತ್ತು ಹಿಂದಕ್ಕೆ ಕೊಂಡಿಗೆ ಸಿಕ್ಕಿಸಿದ್ದರು. ಈಗ ಭಾರದ ಚಿಂತೆ ಹತ್ತಿತು. ಇದ್ದಿಲ ಹೊಗೆಯ ಲಾರಿಗೆ ದಮ್ಮು ಕಡಿಮೆ. ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಉಟ್ಟ ಬಟ್ಟಿ, ಬಗಲಾಗ ಕೂಸು, ಎರಡು ದಿನದ ರೊಟ್ಟಿ. ಒಂದು ತಂಬಿಗಿ ಸೈತ ಹೆಚ್ಚಿಗಿ ತರಬ್ಯಾಡ್ರಿ. ಲಾರಿ ಗುಡ್ಡದಾಗ ನಿಂತ್ರ ಎಲ್ಲಾರದೂ ಮುಗೀತು, ತಿಳೀತಿಲ್ಲೋ?" ಹೆಂಗಸರ ಗಂಟನ್ನು ಗಂಡಸು ಬಿಚ್ಚಿ ನೋಡುವಂತಿಲ್ಲ. ಆ ಕೆಲಸ ಚಾಚಿಗೆ ಬಿತ್ತು. ಒಬ್ಬೊಬ್ಬರನ್ನೇ ಗೋಡೆಯ ಮರೆಗೆ ಕರೆದು ನೋಡಿ ಹತ್ತಿಸಿದಳು.

"ನೋಡಿದೇನು?" ಎಂದರು ಚಾಚಾ.

"ನೋಡೀನ್ರಿ. ಅರಬಿ-ಅಂಚಡಿ, ರೊಟ್ಟಿ, ಅಷ್ಟ."

ಎಲ್ಲರೂ ರಾತ್ರಿ ಓಡುತ್ತಾರೆ, ದಂಡಿನವರೂ ರಾತ್ರಿಯೇ ಕಾಯುತ್ತಾರೆ, ನಾವು ಉಣ್ಣುವ ಹೊತ್ತಿಗೆ ಹೋಗೋಣ ಎಂದು ಗುರುವಾರ ನಡುಮಧ್ಯಾಹ್ನ ಹೊರಡಿಸಿದರು. ಜಿಟಿಜಿಟಿ ಮಳೆ. ನಾವು ತಗಡಿನ ನಡುವೆ ಮೊಣಕಾಲು ಮಡಚಿ ಎದುರುಬದುರು ಕೂತಿದ್ದೆವು. ನಾನು ಬಲಗಡೆ, ಅತ್ತೆ ನನ್ನ ಪಕ್ಕ, ಎದುರಿಗೆ ಚಾಚಿ. ಚಾಚಾ ಮುಂದೆ ಡ್ರೈವರಿನ ಜೊತೆ. ಹಸೀ ಅರಳೆಯ ವಾಸನೆಗೆ ಕೂಸುಗಳು ಸೀನುತ್ತಿದ್ದವು.

ಗುಡ್ಡದ ಏರು ಸಿಕ್ಕ ಕೂಡಲೇ ಲಾರಿ ಏದುಸಿರು ಬಿಟ್ಟಿತು. ಅರ್ಧ ಏರಿ ನಿಂತೇಬಿಟ್ಟಿತು. ಚಕ್ರದ ಹಿಂದೆ ಕಲ್ಲು ಕೊಟ್ಟು ಚಾಚಾ ಹಿಂದಕ್ಕೆ ಓಡಿ ಬಂದರು. ಇಳಿದು ನಡೆಯೋಣವೆಂದರೆ ಕೆಳಗೆ ದಾರಿಯ ತಿರುವಿನಲ್ಲಿ ದಂಡಿನವರ ಕುದುರೆಗಳು ಕಂಡವು. ಅಜ್ಜಿಯರು, ಕೂಸುಗಳು, ಬಯಲಲ್ಲಿ ಎಷ್ಟು ದೂರ ಹೋದಾರು?

"ಇಷ್ಟು ಭಾರ ಆಗಬಾರದಿತ್ತು. ನಾ ತೂಗಿ ನೋಡಿದ್ದೆ. ಇಷ್ಟು ಆಗಬಾರದಿತ್ತು" ಎಂದು ಚಾಚಾ ಹಣೆ ಹಣೆ ಬಡಿದುಕೊಂಡರು. "ಯಾರರೆ ಏನರೆ ತಂದೀರೇನು? ಹೇಳ್ರೆವ್ವಾ, ನಿಮ್ಮ ಕಾಲಿಗೆ ಬೀಳತೀನಿ!"

ಯಾರೂ ಉಸಿರೆತ್ತಲಿಲ್ಲ. ಚಾಚಾ ಚಾಚಿಯ ಕಡೆ ನೋಡಿದರು. ಚಾಚಿ ಮಡಿಲಿನ ಗಂಟನ್ನು ತಬ್ಬಿಕೊಂಡು, "ಮಂದಿ ಭಾರ ಐತ್ರಿ" ಎಂದಳು.

ಇನ್ನು ಉಳಿದದ್ದು ಒಂದೇ, ಒಂದು ಮಗ್ಗುಲಿನ ಗೋಡೆ ಕೆಡವುವುದು. ಯಾವ ಮಗ್ಗುಲು? ಎಡಕ್ಕೂ ಗುಡ್ಡ, ಬಲಕ್ಕೂ ಗುಡ್ಡ. ಎರಡೂ ಕಡೆ ಬಂಡೆ, ಎರಡೂ ಕಡೆ ಬಂದೂಕು ಕೂರುವ ಜಾಗ. ಚಾಚಾ ಎಡಗಡೆಯ ಕೊಂಡಿ ಹಿಡಿದರು, ಬಿಟ್ಟರು. ಬಲಕ್ಕೆ ಬಂದು ನನ್ನ ಮಗಳ ಮುಖ ನೋಡಿದರು, ಬಿಟ್ಟರು.

"ನಾ ಕುಂತ ಬದಿ ಬಿಚ್ಚರಿ" ಎಂದಳು ಚಾಚಿ. "ಕೂಸುಗಳನ್ನ ಆ ಕಡೆ ತಗೋರಿ. ನಾಳೆ ಯಾರೂ ಹವಾಲ್ದಾರ ತನ್ನ ಹೇಣ್ತೀನ ಉಳಿಸ್ಕೊಂಡ ಅನಬಾರದು. ಬಿಚ್ಚರಿ, ಹೊತ್ತಾಗ್ತದ."

ನಾವು ಒಬ್ಬರ ಮೇಲೊಬ್ಬರು ಬಲಕ್ಕೆ ಒತ್ತಿಕೊಂಡೆವು. ಎಲ್ಲರಿಗೂ ಜಾಗ ಆಗಲಿಲ್ಲ. ಚಾಚಿ ಮತ್ತು ಇಬ್ಬರು ಮುದುಕಿಯರು ಅಲ್ಲೇ ಉಳಿದರು, ಬೆನ್ನಿಗೆ ಬರೀ ಕಟ್ಟಿಗೆಯ ಹಲಗೆ. ಎಡಗಡೆಯ ಗೋಡೆ ಕೆಸರಿಗೆ ದೊಪ್ಪೆಂದು ಬಿತ್ತು. ಲಾರಿ ಕೆಮ್ಮುತ್ತ ಏರತೊಡಗಿತು.

ಗುಡ್ಡದ ನೆತ್ತಿಯ ಹತ್ತಿರ ಹೊಡೆತ ಶುರುವಾಯಿತು. ನಮ್ಮ ಕಡೆಯ ತಗಡು ಢಣ್ ಢಣ್ ಎಂದು ನಡುಗುತ್ತಿತ್ತು. ಪ್ರತಿ ಪೆಟ್ಟಿಗೂ ಒದ್ದೆ ಅರಳೆ ಬುಸ್ಸೆನ್ನುತ್ತಿತ್ತು. ನಾನು ಮಗಳ ಮೇಲೆ ಬೋರಲು ಬಿದ್ದು ನೆನಪಿದ್ದ ದೇವರನ್ನೆಲ್ಲ ಕರೆದೆ. ಎಡದಿಂದಲೂ ಒಂದೋ ಎರಡೋ ಬಂದವು. ತಲೆ ಎತ್ತಿದಾಗ ಚಾಚಿ ಗಂಟಿನ ಮೇಲೆ ಗದ್ದ ಊರಿ ತಲೆ ಬಗ್ಗಿಸಿದ್ದಳು. ಹೆದರಿ ಕಣ್ಣು ಮುಚ್ಚಿದ್ದಾಳೆ ಅಂದುಕೊಂಡೆ.

ಗಡಿಯ ಸುಂಕದ ನಾಕೆ ದಾಟಿದ ಮೇಲೆ ಲಾರಿ ನಿಂತಿತು. ಚಾಚಾ ಜಿಗಿದಿಳಿದು ಬಂದು ಬಲಗಡೆಯ ತಗಡಿನ ಗುಳಿ, ತೂತುಗಳ ಮೇಲೆ ಕೈಯಾಡಿಸಿದರು. ಒಳತಗಡು ನೋಡಿದರು. "ಒಂದೂ ಒಳಗ ಬಂದಿಲ್ಲ! ಏ, ಒಂದೂ ಬಂದಿಲ್ಲ ನೋಡ! ನನ್ನ ಅರಳಿ ತಡದೈತಿ!" ಎಂದು ಹುಡುಗರಂತೆ ನಗುತ್ತ ಕುಣಿದರು. ಹೆಂಡತಿಗೆ ಹೇಳಲೆಂದು ಎಡಗಡೆಗೆ ಬಂದರು.

ಅಲ್ಲಿ ಹಲಗೆಯಲ್ಲಿ ಒಂದು ತೂತಿತ್ತು. ಚಾಚಿಯ ಬೆನ್ನಿಗೆ ಸರಿಯಾಗಿ.

ಚಾಚಾ ಹಲಗೆಯ ಆ ತೂತಿಗೆ ಅಂಗೈ ಒತ್ತಿಟ್ಟು ನಿಂತುಬಿಟ್ಟರು. ಶಿಬಿರದವರು ಬಂದು ಚಾಚಿಯನ್ನು ಇಳಿಸುವವರೆಗೂ ಆ ಕೈ ತೆಗೆಯಲಿಲ್ಲ. ನಾನು ಅವರ ತೋಳು ಹಿಡಿದು ಎಳೆದೆ, ಗೋಳಾಡಿದೆ, ಬೈದೆ, ಏನೇನೋ ಅಂದೆ.

ಅವತ್ತೇ ಸಂಜೆ ಮಣ್ಣು ಮಾಡಿ ಬಂದ ಮೇಲೆ ಶಿಬಿರದ ಹುಡುಗರು ಲಾರಿಯಿಂದ ನಮ್ಮ ಗಂಟು ಇಳಿಸುತ್ತಿದ್ದರು. "ಏನ್ ತುಂಬೀರಿ ಇದರಾಗ, ಬರೀ ಅರಬಿ ಇಷ್ಟ ಭಾರ ಅದಾವೇನು?" ಎಂದು ಒಬ್ಬ ನಮ್ಮ ಅತ್ತೆಯ ಗಂಟನ್ನು ಕೆಳಗೆ ಹಾಕಿದ. ಸೀರೆ ಬಿಚ್ಚಿಕೊಂಡು ಒಳಗಿನಿಂದ ಬೀಸುವ ಕಲ್ಲಿನ ಮೇಲಿನ ಹೋಳು ಉರುಳಿತು. ಇನ್ನೊಂದು ಗಂಟು ಬಿಚ್ಚಿದರು, ಅದರಲ್ಲೂ ಕಲ್ಲು. ಮತ್ತೊಂದರಲ್ಲೂ. ಶಿಬಿರವಿದ್ದ ಶಾಲೆಯ ಜಗಲಿಯ ಮೇಲೆ ಸಾಲಾಗಿ ಕಲ್ಲುಗಳು.

ನಮ್ಮ ಕಡೆ ಒಂದು ನಂಬಿಕೆಯುಂಟು. ಮನೆ ಬಿಟ್ಟು ಹೋಗುವ ಹೆಂಗಸು ಬೀಸುವ ಕಲ್ಲಿನ ಮೇಲಿನ ಹೋಳನ್ನು ಜೊತೆಗೆ ಒಯ್ದರೆ, ಮನೆಯಲ್ಲಿ ಉಳಿದ ಕೆಳಗಿನ ಹೋಳು ತನ್ನ ಜೋಡಿಯನ್ನು ಕರೆದೇ ಕರೆಯುತ್ತದೆ, ಒಯ್ದವಳು ಎಂದಾದರೂ ಆ ಮನೆಗೆ ತಿರುಗಿ ಬಂದೇ ಬರುತ್ತಾಳೆ ಎಂದು. ಗಂಡಸರಿಗೆ ಇದು ಹೇಳುವ ಮಾತಲ್ಲ. ಹೆಂಗಸರಿಗೆ ಹೇಳಿಕೊಡಬೇಕಾದದ್ದೂ ಅಲ್ಲ. ಒಬ್ಬರಿಗೊಬ್ಬರು ಹೇಳದೆಯೇ ಎಲ್ಲರೂ ತಂದಿದ್ದರು.

ಚಾಚಾ ಕಲ್ಲುಗಳನ್ನು ನೋಡುತ್ತ ಬಂದರು. ಒಂದನ್ನು ಎತ್ತಿ ತೂಕ ನೋಡಿದರು, ಇಳಿಸಿದರು. ಇನ್ನೊಂದನ್ನು ಎತ್ತಿದರು. ಲೆಕ್ಕ ಅವರಿಗೆ ನಮಗಿಂತ ಮೊದಲೇ ತಿಳಿದಿತ್ತು. ಇಷ್ಟು ಕಲ್ಲು ಇಲ್ಲದಿದ್ದರೆ ಆ ಗೋಡೆ ಕೆಡವಬೇಕಿರಲಿಲ್ಲ.

"ಆಕಿ ನೋಡಲಿಲ್ಲೇನು?" ಎಂದರು.

ನಮ್ಮ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ಅಂದಳು: "ನೋಡಿದಳೋ ಯಪ್ಪಾ. ನೋಡಿ ತಾನ ಸೆರಗು ಮುಚ್ಚಿದಳು. ಹೋಗ್ರೆವ್ವಾ, ಹತ್ತರಿ ಅಂದಳು. ನಮ್ಮ ನಾಲಿಗಿ ಸೇದಿಹೋಗಲಿ, ಗುಡ್ಡದಾಗ ಒಬ್ಬರರೆ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲೋ. ನಮ್ಮನ್ನ ಹೊಡದುಹಾಕು."

ಚಾಚಾ ಯಾರನ್ನೂ ಹೊಡೆಯಲಿಲ್ಲ. ಜಗಲಿಯ ಮೂಲೆಯಲ್ಲಿ ಚಾಚಿಯ ಗಂಟು ಹಾಗೇ ಇತ್ತು. ಅದರ ಮುಂದೆ ಕೂತು ಗಂಟು ಬಿಚ್ಚಿದರು. ಅವರೇ ಹೊಲಿದ ಗಾದಿಯ ಬಟ್ಟೆಯಲ್ಲಿ ಸುತ್ತಿ, ಬಿಗಿದು ಕಟ್ಟಿದ ಒಂದು ಕಲ್ಲು. ದೊಡ್ಡದೇ ಇತ್ತು. ಅವರು ಅದನ್ನು ಗೆಣ್ಣಿನಿಂದ ಕುಟ್ಟಲಿಲ್ಲ, ಸವರಿದರು. ತಲೆ ಎತ್ತಿ ನನ್ನನ್ನು ನೋಡಿದರು.

"ಮಡಿಲಾಗ ಇಟ್ಕೊಂಡಿದ್ಲು, ಬೇಟಿ. ಬೆನ್ನಿಗೆ ಇಟ್ಕೊಂಡಿದ್ರ..."

ನಾನು ಅಲ್ಲಿ ನಿಲ್ಲಲಾರದೆ ಎದ್ದು ಹೋದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸೀಮೆಗೂ ಸ್ವಾತಂತ್ರ್ಯ ಬಂತು, ನಾವು ಕುಷ್ಟಗಿಗೆ ತಿರುಗಿ ಬಂದೆವು. ಹೆಂಗಸರೆಲ್ಲ ತಮ್ಮ ಕಲ್ಲನ್ನು ಜೋಡಿಯ ಮೇಲೆ ಕೂರಿಸಿದರು. ಚಾಚಾ ಹೊಸ ಬಿಲ್ಲು ಮಾಡಿಸಿ ಅರಳೆ ಹಿಂಜಿದರು, ಗಾದಿ ಹೊಲಿದರು. ತೋಪಿನ ಕತೆ ಮಾತ್ರ ಯಾರು ಕೇಳಿದರೂ ಹೇಳಲಿಲ್ಲ. ಓಣಿಯ ಹೆಂಗಸರು ಸರದಿಯ ಮೇಲೆ ರೊಟ್ಟಿ ಕೊಟ್ಟರು, ಬೇಡ ಎನ್ನದೆ ತಿಂದರು. ಯಾರಿಗೂ ಒಂದು ಕಟು ಮಾತು ಆಡಲಿಲ್ಲ. ಆಡಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು.

ಹಾಸಿಗೆ ಹಿಡಿದಿದ್ದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಗಂಜಿ ಕೊಡಲು ಹೋಗಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಬೇಟಿ, ಆ ಕಲ್ಲು ಬೆನ್ನಿಗೆ ಇಟ್ಕೊಂಡಿದ್ರ ಗುಂಡು ತಡೀತಿತ್ತೇನು?"

ನನಗೆ ತೋಪೂ ಗೊತ್ತಿಲ್ಲ, ತಗಡೂ ಗೊತ್ತಿಲ್ಲ. ಯಾವ ಗುಂಡು ಯಾವುದರಲ್ಲಿ ಹೊಕ್ಕೀತು, ಯಾವುದರಲ್ಲಿ ನಿಂತೀತು ಎಂದು ಜಗತ್ತಿಗೆಲ್ಲ ಹೇಳುತ್ತಿದ್ದವರು ಅವರು. ಕೇಳುತ್ತಿರುವುದು ನನ್ನನ್ನು.

"ಇಲ್ರಿ ಚಾಚಾ" ಎಂದೆ. "ಕಲ್ಲೂ ಒಡೀತಿತ್ತು."

"ಖರೇನ?"

"ಖರೇರಿ. ಸೀಳಿಕೊಂಡು ಹೋಗತಿತ್ತು."

ಅವರು ಕಣ್ಣು ತೆರೆದು ನನ್ನ ಮುಖವನ್ನು ನೋಡಿದರು. ಆಮೇಲೆ ಗಂಜಿಗಾಗಿ ಬಾಯಿ ತೆರೆದರು.